ಮಿಂಚು ಎಂಬ ಹೆಸರಿನ ಬಿಳಿ ಕಾರು

2019ರ ಬೇಸಿಗೆ. ಹಳೇ ಕಾರುಗಳನ್ನು ಕೊಂಡು, ರಿಪೇರಿ ಮಾಡಿಸಿ ಮಾರುವ ಹೊನ್ನಾಳಿಯ ಯಾರ್ಡ್ ಒಂದರಲ್ಲಿ ನಾನು ಸೀನಿಯರ್ ಸೇಲ್ಸ್ ಎಕ್ಸಿಕ್ಯೂಟಿವ್ ಆಗಿದ್ದೆ. ಹೊನ್ನಾಳಿ, ಚನ್ನಗಿರಿ, ಜಗಳೂರು ಮತ್ತು ಹೊಸದಾಗಿ ತಾಲ್ಲೂಕಾಗಿದ್ದ ನ್ಯಾಮತಿ, ಈ ನಾಲ್ಕೂ ನನ್ನ ಏರಿಯಾ. ಹುದ್ದೆಯ ಹೆಸರು ಇಷ್ಟುದ್ದ ಇದ್ದರೂ ಬೆಳಿಗ್ಗೆ ಗಾಡಿಯ ಗಾಜು ಒರೆಸುವುದರಿಂದ ಹಿಡಿದು ಸಂಜೆ ಆರ್‌ಟಿಒ ಕಾಗದಪತ್ರಗಳಿಗೆ ಸಹಿ ಹಾಕಿಸುವವರೆಗೆ ಎಲ್ಲವೂ ನನ್ನ ಕೆಲಸವೇ ಆಗಿತ್ತು.

ನಾನು ಈ ಕೆಲಸಕ್ಕೆ ಸೇರಿದಾಗ ನಮ್ಮ ಕಡೆ ಹೆಂಗಸರು ಕಾರು ಮಾರುತ್ತಿರಲಿಲ್ಲ. ಗಿರಾಕಿಗಳು ಒಳಗೆ ಬಂದು ನನ್ನನ್ನು ದಾಟಿ ನೋಡುತ್ತ, "ಸೇಲ್ಸಿನೋರು ಯಾರೂ ಇಲ್ವೇನವ್ವ?" ಎಂದು ನನ್ನನ್ನೇ ಕೇಳುತ್ತಿದ್ದರು. "ನಾನೇ ರೀ, ಕೂತ್ಕೊಳ್ರಿ" ಎಂದರೆ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಕೆಲವು ವರ್ಷಗಳಲ್ಲಿ ಅದೇ ಜನ, "ಗಿರಿಜಾ ಮೇಡಂ ಬರ್ಲಿ, ಕಾಯ್ತೀವಿ" ಎಂದು ಟೀ ಕುಡಿಯುತ್ತ ಕೂರುವಂತಾಯಿತು. ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಇಪ್ಪತ್ತು ವರ್ಷ ದುಡಿದವಳು ತನ್ನ ಬೆನ್ನನ್ನು ತಾನೇ ಒಮ್ಮೆ ತಟ್ಟಿಕೊಂಡರೆ ತಪ್ಪಿಲ್ಲ ಎಂದುಕೊಂಡಿದ್ದೇನೆ.

ಜನ ನನಗಾಗಿ ಕಾಯುತ್ತಿದ್ದುದಕ್ಕೆ ಒಂದು ಕಾರಣ, ನಾನು ಕಾರಿನ ಹೆಸರಿನ ಅರ್ಥ ಹೇಳುತ್ತಿದ್ದುದು. ಆ ಗೀಳು ನನಗೆ ಹಚ್ಚಿದವರು ಸಂತೇಬೆನ್ನೂರಿನ ಒಬ್ಬ ಅಡಿಕೆ ಬೆಳೆಗಾರರು. ಆಗ ನಾವು ಸಂತೆಯ ದಿನ ಅಲ್ಲಿಗೆ ಎರಡು ಕಾರು ಒಯ್ದು ನಿಲ್ಲಿಸುತ್ತಿದ್ದೆವು. ಒಂದು ಸ್ಯಾಂಟ್ರೋದ ಮೈಲೇಜು, ಎಂಜಿನ್ನು, ಏಸಿ ಎಲ್ಲವನ್ನೂ ನಾನು ಗಿಣಿಪಾಠ ಒಪ್ಪಿಸಿದ ಮೇಲೆ ಅವರು ಕೇಳಿದರು. "ಅದೆಲ್ಲಾ ಸರಿ ಕಣವ್ವ. ಸ್ಯಾಂಟ್ರೋ ಅಂದ್ರೆ ಏನು? ಮನೆಗೆ ಒಂದು ಹಸು ತಂದ್ರೂ ಮೊದಲು ಅದರ ಹೆಸರು ಕೇಳ್ತೀವಿ." ಮುಂದಿನ ಸಂತೆಗೆ ಹೋಗುವಷ್ಟರಲ್ಲಿ ಉತ್ತರ ಹುಡುಕಿಕೊಂಡಿದ್ದೆ. ಫ್ರಾನ್ಸ್ ದೇಶದಲ್ಲಿ ಸೇಂಟ್ ಟ್ರೋಪೆ ಎಂಬ ಕಡಲತೀರದ ಊರಿದೆ, ಆ ಹೆಸರಿನಿಂದ ಬಂದದ್ದು ಎಂದೆ. ಅವರು ಬಾಯ್ತುಂಬ ನಕ್ಕು, "ಸಮುದ್ರದ ದಂಡೆ ಗಾಡೀನ ಸೂಳೆಕೆರೆ ಏರಿ ಮೇಲೆ ಓಡಿಸ್ಬೇಕಾತು ಬಿಡು" ಎಂದು ಆ ಕಾರನ್ನೇ ಕೊಂಡರು.

ಅಂದಿನಿಂದ ಯಾರ್ಡಿಗೆ ಯಾವ ಗಾಡಿ ಬಂದರೂ ಅದರ ಹೆಸರಿನ ಮೂಲ ಹುಡುಕುವುದು ನನಗೆ ಚಟವಾಯಿತು. ಓಮ್ನಿ ಎಂದರೆ ಲ್ಯಾಟಿನ್ ಭಾಷೆಯಲ್ಲಿ 'ಎಲ್ಲ'. ಶಾಲೆ ಮಕ್ಕಳಿಂದ ಹಿಡಿದು ಹೂವಿನ ಬುಟ್ಟಿವರೆಗೆ ಅದು ಹೊರದ ಸಾಮಾನೇ ಇಲ್ಲವಾದ್ದರಿಂದ ಅನ್ವರ್ಥನಾಮವೇ ಸರಿ. ಬೊಲೆರೊ ಸ್ಪೇನ್ ದೇಶದ ಒಂದು ಕುಣಿತ. ನಮ್ಮ ಹಳ್ಳಿ ರಸ್ತೆಗಳಲ್ಲಿ ಅದರಲ್ಲಿ ಕೂತು ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಕ್ರೆಟಾ ಗ್ರೀಸ್ ದೇಶದ ಒಂದು ದ್ವೀಪದ ಹೆಸರಿನಿಂದ ಬಂದದ್ದು, ಬ್ರೆಝಾ ಎಂದರೆ ತಂಗಾಳಿ. ಎರ್ಟಿಗಾದಲ್ಲಿರುವ 'ಟಿಗಾ' ಇಂಡೋನೇಷ್ಯಾದ ಭಾಷೆಯಲ್ಲಿ ಮೂರು, ಅಂದರೆ ಮೂರು ಸಾಲು ಸೀಟಿನ ಗಾಡಿ. ಸೂರಗೊಂಡನಕೊಪ್ಪಕ್ಕೆ ಯಾತ್ರಿಕರನ್ನು ಕರೆದೊಯ್ಯುವ ನ್ಯಾಮತಿಯ ಡ್ರೈವರ್ ಒಬ್ಬರು ಇದನ್ನು ಕೇಳಿ, "ಹೆಸರಿನಾಗೇ ಸೀಟು ಲೆಕ್ಕ ಐತಲ್ರಿ" ಎಂದು ಖುಷಿಪಟ್ಟಿದ್ದರು.

ನನ್ನ ಸಹೋದ್ಯೋಗಿ ಪ್ರಕಾಶನದು ಬೇರೆ ದಾರಿ. ಒಳ್ಳೆಯ ಮನುಷ್ಯ, ಮಾತು ಬೆಲ್ಲ. ಯಾವ ಹೆಸರು ಕೇಳಿದರೂ ಅವನ ಹತ್ತಿರ ಒಂದು ದೇವರೋ ಒಂದು ಐಶ್ವರ್ಯವೋ ರೆಡಿ ಇರುತ್ತಿತ್ತು. ಜಪಾನಿನ ಹೆಸರಾದರೂ ಸರಿ, ಇಟಲಿಯದಾದರೂ ಸರಿ, ಅವನ ಬಾಯಲ್ಲಿ ಅದು ಸಂಸ್ಕೃತವಾಗಿಬಿಡುತ್ತಿತ್ತು. "ಗಿರಾಕಿ ಖುಷಿಯಾಗಿ ಹೋಗ್ತಾರಲ್ಲ ಮೇಡಂ, ಯಾರಿಗೇನು ನಷ್ಟ?" ಎನ್ನುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು. ಆದರೆ ಅವನ ಗಿರಾಕಿ ಅವನದು, ನನ್ನ ಗಿರಾಕಿ ನನ್ನದು ಎಂದು ಸುಮ್ಮನಿರುತ್ತಿದ್ದೆ.

ಆ ಬೇಸಿಗೆಯಲ್ಲಿ ರೇಣುಕಾ ಎಂಬ ಹುಡುಗಿ ಯಾರ್ಡಿಗೆ ಬಂದಳು. ಚನ್ನಗಿರಿಯಲ್ಲಿ ಸ್ಟಾಫ್ ನರ್ಸ್. ಊರು ಜಗಳೂರಿನ ಪಕ್ಕದ ಹಳ್ಳಿ. ತಾಯಿ ಹಾಲಮ್ಮ ಕುರಿ ಸಾಕಿ ಒಬ್ಬಳೇ ಮಗಳನ್ನು ಓದಿಸಿದವರು. ಚನ್ನಗಿರಿಯಿಂದ ದಾವಣಗೆರೆ, ಅಲ್ಲಿಂದ ಜಗಳೂರು, ಅಲ್ಲಿಂದ ಹಳ್ಳಿ ಎಂದು ಮೂರು ಬಸ್ಸು ಹತ್ತಿ ಇಳಿದು ಸಾಕಾಗಿ, ರೇಣುಕಾ ಡ್ರೈವಿಂಗ್ ಕಲಿತು, ನಮ್ಮಲ್ಲಿದ್ದ ಮೂರು ವರ್ಷ ಓಡಿದ ಬಿಳಿ ಬಲೆನೋ ಇಷ್ಟಪಟ್ಟಳು. "ಮೊದಲು ನಮ್ಮವ್ವ ಕೂರ್ಬೇಕು. ಅವ್ವ ಕೂತ ಮೇಲೇನೇ ನಾನು ಕೀ ತಿರುಗ್ಸೋದು" ಎಂದಿದ್ದಳು. ಆ ಮಾತು ಹೇಳುವಾಗ ಅವಳ ಕಣ್ಣು ತುಂಬಿದ್ದು ನನಗೆ ಇನ್ನೂ ನೆನಪಿದೆ.

ಮುಂದಿನ ವಾರ ಅವಳು ತಾಯಿಯನ್ನು ಕರೆತಂದು ಕಾರು ತೋರಿಸಿದಾಗ ನಾನು ನ್ಯಾಮತಿಗೆ ಹೋಗಿದ್ದೆ. ಪ್ರಕಾಶ ನೋಡಿಕೊಂಡ. ಹಾಲಮ್ಮ ಹೆಸರಿನ ಅರ್ಥ ಕೇಳಿದ್ದಾರೆ, ಇವನು ರೂಢಿಯಂತೆ "ಅಷ್ಟೈಶ್ವರ್ಯ ಅಂತ ಅಮ್ಮ" ಎಂದಿದ್ದಾನೆ. ಆ ತಾಯಿ ಹಿಗ್ಗಿ ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ಇದು ನನಗೆ ಗೊತ್ತಾದದ್ದು ಡೆಲಿವರಿಯ ದಿನವೇ.

ಡೆಲಿವರಿ ಇಟ್ಟುಕೊಂಡದ್ದು ಬಸವ ಜಯಂತಿಯ ದಿನ. ನಮ್ಮ ಕಡೆ ಗಾಡಿ ಮನೆಗೆ ತರಲು ಅದಕ್ಕಿಂತ ಒಳ್ಳೆಯ ದಿನವಿಲ್ಲ. ಸಾಲಾಗಿ ನಿಂತ ಕಾರುಗಳಿಗೆ ಹೂವಿನ ಹಾರ ಬಿದ್ದಿದ್ದವು, ಪೂಜೆಯವರು ಒಬ್ಬರೇ ಆದ್ದರಿಂದ ಸರದಿ ಕಾಯಬೇಕಾಗಿತ್ತು. ಹಾಲಮ್ಮ ತಮ್ಮ ಕುರಿಗಳ ಉಣ್ಣೆಯಿಂದಲೇ ನೇಯಿಸಿದ ಕರೀ ಕಂಬಳಿಯೊಂದನ್ನು ಮಡಚಿ ತಂದಿದ್ದರು. ಕುರಿ ಕಾಯುವವರಿಗೆ ಕಂಬಳಿ ಎಂದರೆ ಗದ್ದುಗೆ. ಮುಂದಿನ ಸೀಟಿಗೆ ಅದನ್ನು ಹಾಸಿ, ಅದರ ಮೇಲೆ ಕೂರಬೇಕೆಂಬುದು ಅವರ ಆಸೆ.

ಯಾರ್ಡಿನ ತಗಡಿನ ಚಪ್ಪರದ ನೆರಳಲ್ಲಿ ನಾನು, ರೇಣುಕಾ, ಹಾಲಮ್ಮ ಕೂತಿದ್ದೆವು. ಪಕ್ಕದಲ್ಲಿ ಪ್ರಕಾಶ ನಿಂಬೆಹಣ್ಣು ಎಣಿಸುತ್ತಿದ್ದ. ಪಶ್ಚಿಮಕ್ಕೆ ಸ್ವಲ್ಪ ಮೋಡ ಕಂಡದ್ದೇ ತಡ, ಹಾಲಮ್ಮ ಎದ್ದು ನಿಂತರು.

"ಗುಡುಗು ಬರೋದ್ರೊಳಗೆ ಮನೆ ಸೇರ್ಬೇಕವ್ವ" ಎಂದರು. "ಇವಳಪ್ಪ ಹೋಗಿದ್ದು ಸಿಡಿಲಿಗೆ. ಕುರಿ ಮೇಯ್ಸಾಕೆ ಹೋದೋರು ಬೇವಿನ ಮರದ ಬುಡಕ್ಕೆ ನಿಂತಿದ್ರು. ಕುರಿನೂ ಹೋದ್ವು, ಅವರೂ ಹೋದ್ರು. ಅವತ್ತಿಂದ ಮಿಂಚು ಕಂಡ್ರೆ ನಾನು ಬಾಗ್ಲು ಹಾಕ್ಕೊಂಡು ಕೂರ್ತೀನಿ."

ಬಲೆನೋ ಎಂಬುದು ಇಟಲಿಯ ಮಾತು. ಅದರ ಅರ್ಥ ಮಿಂಚು.

ಅಷ್ಟರಲ್ಲಿ ಅವರು ನನ್ನ ಕಡೆ ತಿರುಗಿ, "ನೀನು ಎಲ್ಲಾ ಗಾಡಿ ಹೆಸರೂ ಬಲ್ಲೆ ಅಂತಾರಲ್ಲ. ಆವಯ್ಯ ಐಶ್ವರ್ಯ ಅಂದ. ನಿನ್ನ ಬಾಯಾಗೂ ಒಂದ್ಸಲ ಕೇಳಣ ಅಂತ" ಎಂದು ನಕ್ಕರು. ಅವರ ಬೆನ್ನ ಹಿಂದೆ ಪ್ರಕಾಶ ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದ. ರೇಣುಕಾಳಿಗೆ ಏನೂ ಗೊತ್ತಿರಲಿಲ್ಲ, ಅವಳೂ ನಗುತ್ತಿದ್ದಳು.

'ನನಗೆ ಇದೊಂದು ಗೊತ್ತಿಲ್ಲಮ್ಮ' ಎಂದು ಜಾರಿಕೊಳ್ಳಬಹುದಿತ್ತು. ಆದರೆ ನಾನು ಯಾವ ಗಿರಾಕಿಗೂ ಕಡಿಮೆ ಓಡಿದಂತೆ ಕಾಣಲು ಮೀಟರ್ ತಿರುಗಿಸಿದ ಗಾಡಿ ಕೊಟ್ಟವಳಲ್ಲ, ಗುದ್ದಿದ ಗಾಡಿಗೆ ಬಣ್ಣ ಬಳಿದು ಹೊಸದು ಎಂದವಳಲ್ಲ. ಇವತ್ತಲ್ಲ ನಾಳೆ ಊರಿನ ಯಾರೋ ಒಬ್ಬರು ಮೊಬೈಲಿನಲ್ಲಿ ನೋಡಿ ಹೇಳುತ್ತಾರೆ. ಅಂದು ಆ ತಾಯಿ ನಡುದಾರಿಯಲ್ಲಿ ಆ ಕಾರಿನೊಳಗೇ ಕೂತಿರಬಹುದು. ತಿಳಿಯಬೇಕಾದದ್ದು ಹತ್ತುವ ಮೊದಲು ತಿಳಿಯಲಿ ಎನ್ನಿಸಿತು.

"ಐಶ್ವರ್ಯ ಅಲ್ಲಮ್ಮ" ಎಂದೆ. "ಇಟಲಿ ದೇಶದ ಮಾತು. ಮಿಂಚು ಅಂತ ಅರ್ಥ."

ಹಾಲಮ್ಮ ಕಾರಿನ ಹತ್ತಿರ ಹೋಗಿ ಆಗಲೇ ಹಾಸಿಟ್ಟಿದ್ದ ಕಂಬಳಿಯನ್ನು ತೆಗೆದು, ಅಂಚಿಗೆ ಅಂಚು ಕೂಡಿಸಿ ಮಡಚಿ, ಕಂಕುಳಲ್ಲಿ ಇಟ್ಟುಕೊಂಡು ಬಸ್ ಸ್ಟ್ಯಾಂಡಿನ ದಿಕ್ಕಿಗೆ ನಡೆದರು. ಮಗಳು ಹಿಂದೆ ಓಡಿದಳು. ಬಹಳ ಹೊತ್ತಾದ ಮೇಲೆ ಒಬ್ಬಳೇ ವಾಪಸು ಬಂದು, "ಹೇಳ್ದೇ ಇದ್ದಿದ್ರೆ ನಿಮ್ಮದೇನು ಗಂಟು ಹೋಗ್ತಿತ್ತು ಮೇಡಂ?" ಎಂದಳು. ಕಾಗದಪತ್ರ ಅವಳ ಹೆಸರಿಗೆ ಆಗಿಹೋಗಿತ್ತು. ಪೂಜೆ ಮಾಡಿಸದೆ, ಪಕ್ಕದ ಸೀಟು ಖಾಲಿ ಇಟ್ಟುಕೊಂಡು, ಅಳುತ್ತಲೇ ಕಾರು ಓಡಿಸಿಕೊಂಡು ಹೋದಳು.

ಅಂದು ಯಾರ್ಡಿನ ಯಜಮಾನರು ಎಲ್ಲರೆದುರು ಕೇಳಿದರು. "ನಿಮ್ಮನ್ನ ಇಟ್ಕೊಂಡಿರೋದು ಗಾಡಿ ಮಾರಾಕೋ, ನಿಘಂಟು ಬರೆಯಾಕೋ?" ಹೇಳಿದ್ದು ಸರಿ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ, ಆದರೆ ಆ ಖಾಲಿ ಸೀಟು ಮಾತ್ರ ಕಣ್ಣಿಗೆ ಕಟ್ಟಿತ್ತು.

ಕೆಲವು ದಿನ ಬಿಟ್ಟು ನಾನೇ ರೇಣುಕಾಳಿಗೆ ಫೋನ್ ಮಾಡಿದೆ. ತಾಯಿಗೆ ಒಪ್ಪುವ ಬೇರೆ ಗಾಡಿಗೆ ಬದಲಾಯಿಸಿಕೊಡಲು ಯಜಮಾನರನ್ನು ಒಪ್ಪಿಸಿದ್ದೇನೆ, ಬ್ರೆಝಾ ಒಂದಿದೆ, ತಂಗಾಳಿ ಎಂದರೆ ಯಾರಿಗೆ ಭಯ ಎಂದೆ. "ಅವ್ವ ನನ್ನ ಮಾತೇ ಕೇಳ್ತಿಲ್ಲ. ನೀವೇ ಬಂದು ಹೇಳಿ" ಎಂದಳು. ಒಂದು ಭಾನುವಾರ ಅವಳು ದಾವಣಗೆರೆಯಲ್ಲಿ ನನ್ನನ್ನು ಅದೇ ಬಿಳಿ ಕಾರಿಗೆ ಹತ್ತಿಸಿಕೊಂಡಳು.

ಊರು ಮುಟ್ಟಿದಾಗ ಮನೆಗೆ ಬೀಗ. ಕುರಿ ಹೊಡೆದುಕೊಂಡು ಗೋಮಾಳದ ಕಡೆ ಹೋಗಿದ್ದಾರೆ ಎಂದು ಪಕ್ಕದ ಮನೆಯವರು ಹೇಳಿದರು. ಗೋಮಾಳಕ್ಕೆ ಹೋಗುವ ಮಣ್ಣು ದಾರಿಗೆ ಕಾರು ಇಳಿಸುವಾಗಲೇ ಆಕಾಶ ಕಪ್ಪಾಗಿತ್ತು. ಮುಂಗಾರಿಗೆ ಮೊದಲಿನ ಮಳೆ ನಮ್ಮ ಕಡೆ ಹಾಗೆಯೇ, ಗಾಳಿ ಗುಡುಗು ಮಿಂಚು ಎಲ್ಲ ಒಟ್ಟಿಗೆ ಬರುತ್ತವೆ. ಬಯಲಿನ ನಡುವೆ ಒಂದೇ ಒಂದು ಮರ. ಕುರಿಗಳೆಲ್ಲ ಅದರ ಬುಡಕ್ಕೆ ಮುತ್ತಿಕೊಂಡಿದ್ದವು. ಹಾಲಮ್ಮ ಒಬ್ಬರೇ ಕೋಲು ಬೀಸುತ್ತ ಅವನ್ನು ಅಲ್ಲಿಂದ ಹೊರಡಿಸಲು ಒದ್ದಾಡುತ್ತಿದ್ದರು. ಗಂಡನನ್ನು ಕಳೆದುಕೊಂಡವರಿಗೆ ಮರದ ಬುಡ ಎಂದರೆ ಏನೆಂದು ಗೊತ್ತಿತ್ತು.

ರೇಣುಕಾ ಇಳಿದು ಓಡಿದಳು. ನಾನೂ ಸೆರಗು ಕಟ್ಟಿ ಓಡಿದೆ. ಮೂವರೂ ಸೇರಿ ಕೂಗಿ ಹೊಡೆದು, ಕುರಿಗಳನ್ನು ಕೆಳಗಿನ ತಗ್ಗಿಗೆ ಇಳಿಸುವಷ್ಟರಲ್ಲಿ ಮಿಂಚು ಕಣ್ಣಿಗೆ ಹೊಡೆಯಿತು, ಹಿಂದೆಯೇ ಗುಡುಗು. ಊರು ಮೈಲಿ ದೂರ, ಸುತ್ತ ಒಂದು ಗುಡಿಸಲೂ ಇಲ್ಲ. ರೇಣುಕಾ ಕಾರನ್ನು ಹತ್ತಿರ ತಂದು ಬಾಗಿಲು ತೆಗೆದಳು.

"ಅವ್ವ, ಹತ್ತವ್ವ."

ಹಾಲಮ್ಮ ಅಲ್ಲಾಡಲಿಲ್ಲ. ತಲೆ ಮೇಲಿಂದ ಕಂಬಳಿ ಕೊಪ್ಪೆ ಹಾಕಿಕೊಂಡು ನಿಂತಲ್ಲೇ ನಿಂತರು. ಹನಿ ದಪ್ಪವಾಗತೊಡಗಿತು.

ಇಲ್ಲಿ ಒಂದು ವಿಷಯ ಹೇಳಬೇಕು. ಸಿಡಿಲಿನ ಹೊತ್ತಿನಲ್ಲಿ ಬಯಲಿನಲ್ಲಿ ಸಿಕ್ಕಿಕೊಂಡವರಿಗೆ ಲೋಹದ ಚಾವಣಿಯ, ಗಾಜು ಏರಿಸಿದ ಕಾರು ಸುರಕ್ಷಿತ ಜಾಗ. ಟೈರಿನ ರಬ್ಬರು ಕಾಪಾಡುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ, ಅದು ಸರಿಯಲ್ಲ. ಕಾಪಾಡುವುದು ಉಕ್ಕಿನ ಮೈ. ಸಿಡಿಲು ಬಡಿದರೂ ವಿದ್ಯುತ್ತು ಆ ಹೊರಮೈ ಮೇಲೆಯೇ ಹರಿದು ನೆಲಕ್ಕೆ ಇಳಿಯುತ್ತದೆ. ಇಂಥ ಲೋಹದ ಗೂಡಿಗೆ ಎಂಜಿನಿಯರುಗಳು ಫ್ಯಾರಡೆ ಕೇಜ್ ಎನ್ನುತ್ತಾರೆ. ಒಳಗಿನವರು ಲೋಹದ ಭಾಗ ಮುಟ್ಟದೆ ಕೈ ಮಡಿಲಲ್ಲಿಟ್ಟುಕೊಂಡು ಕೂರಬೇಕು, ಅಷ್ಟೇ. ಟ್ರೈನಿಂಗಿನಲ್ಲಿ ಕಲಿತಿದ್ದ ಇದು ನನಗೆ ಅದುವರೆಗೆ ಒಂದೇ ಒಂದು ಗಾಡಿ ಮಾರಲೂ ಉಪಯೋಗಕ್ಕೆ ಬಂದಿರಲಿಲ್ಲ.

ಆ ಮಳೆಯಲ್ಲಿ ನಿಂತು ಇದನ್ನೇ ಎರಡು ಮಾತಿನಲ್ಲಿ ಕೂಗಿ ಹೇಳಿದೆ. "ಒಳಗಿದ್ರೆ ಏನೂ ಆಗಲ್ಲಮ್ಮ. ಸಿಡಿಲು ಹೊರಗಿನ ತಗಡಿನ ಮೇಲೇ ಹರಿದು ಹೋಗುತ್ತೆ."

"ಸಿಡಿಲಿಗೆ ಹೆದ್ರಿ ಮಿಂಚಿನೊಳಗೆ ಹೋಗಿ ಕೂರು ಅಂತೀಯೇನವ್ವ ನನಗೆ?" ಎಂದರು.

"ಹೆಸರು ಅದೇ ಅಮ್ಮ, ನಾನೇ ಹೇಳಿದ್ದೆ. ಇದನ್ನೂ ನಾನೇ ಹೇಳ್ತಿದೀನಿ" ಎಂದಷ್ಟೇ ಅಂದೆ.

ಹಾಲಮ್ಮ ನನ್ನ ಮುಖ ನೋಡಿದರು. ಮಳೆ ಅವರ ಹುಬ್ಬಿನಿಂದ ಇಳಿಯುತ್ತಿತ್ತು. ಆ ಮೇಲೆ ಮಗಳ ಕಡೆ ತಿರುಗಿ, "ಅವತ್ತು ಇವಳು ನನಗೆ ಬೇಕಾದಂಗೆ ಹೇಳ್ಲಿಲ್ಲ. ಹಂಗಾರೆ ಇವತ್ತೂ ಸುಳ್ಳು ಹೇಳಿರಾಕಿಲ್ಲ" ಎಂದು ಕಾರಿನ ಹತ್ತಿರ ಬಂದರು. ಮುಂದಿನ ಸೀಟಿಗೆ ಆ ಒದ್ದೆ ಕಂಬಳಿಯನ್ನೇ ಹಾಸಿ, ಅದರ ಮೇಲೆ ಕೂತು, ಬಾಗಿಲು ಎಳೆದುಕೊಂಡರು.

ನಾನು ಹಿಂದಿನ ಸೀಟಿಗೆ ಹಾರಿದೆ. ಗಾಜು ಏರಿಸಿ ಎಂಜಿನ್ ಆಫ್ ಮಾಡಿದೆವು. ಮಳೆ ಧೋ ಎಂದು ಸುರಿಯಿತು. ಹಾಲಮ್ಮ ಕಣ್ಣು ಮುಚ್ಚಿ, ಗುಡುಗಿದಾಗ ಹೇಳಬೇಕಾದ ಹತ್ತು ಹೆಸರುಗಳನ್ನು ಹೇಳತೊಡಗಿದರು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಇದು ಪದ್ಧತಿ. ನಮ್ಮಜ್ಜಿ ನನಗೂ ಕಲಿಸಿದ್ದರು. ಪುರಾಣದ ಒಬ್ಬನೇ ಬಿಲ್ಲುಗಾರ ವೀರನ ಹತ್ತು ಹೆಸರು, ಹೇಳುತ್ತಿದ್ದರೆ ಸಿಡಿಲು ಹತ್ತಿರ ಬರುವುದಿಲ್ಲ ಎಂಬ ನಂಬಿಕೆ. ನಾನೂ ಜೊತೆಗೂಡಿದೆ, ರೇಣುಕಾಳೂ ಸೇರಿದಳು. ಐದನೇ ಹೆಸರಿಗೆ ಹಾಲಮ್ಮ ತಟ್ಟನೆ ನಿಲ್ಲಿಸಿ ಕಣ್ಣು ತೆಗೆದರು.

"ಶ್ವೇತವಾಹನ ಅಂದ್ರೆ ಏನವ್ವ? ಹುಟ್ಟಿದಾಗಿಂದ ಹೇಳ್ತಾ ಬಂದೀನಿ, ಯಾರನ್ನೂ ಕೇಳೇ ಇಲ್ಲ."

"ಬಿಳಿ ಕುದುರೆ ಕಟ್ಟಿದ ರಥ ಇರೋನು ಅಂತ ಅಮ್ಮ. ಬಿಳೀ ಗಾಡಿಯವನು."

ಹಾಲಮ್ಮ ಮುಂದಿನ ಗಾಜಿನಾಚೆ, ಮಳೆಯಲ್ಲಿ ತೊಳೆದುಕೊಳ್ಳುತ್ತಿದ್ದ ಬಿಳಿ ಬಾನೆಟ್ಟನ್ನು ನೋಡಿದರು.

"ಇದೂ ನಿಜಾನಾ? ಇಲ್ಲ, ನನ್ನ ಸಮಾಧಾನಕ್ಕೆ ಹೇಳ್ತೀಯಾ?"

"ನಿಜ ಅಮ್ಮ. ಯಾರನ್ನ ಬೇಕಾದ್ರೂ ಕೇಳಿ."

"ಕೇಳೋದು ಬ್ಯಾಡ" ಎಂದು ಅವರು ಮತ್ತೆ ಮೊದಲಿನಿಂದ ಹೆಸರು ಹೇಳಲು ಶುರು ಮಾಡಿದರು. ಈ ಸಲ ಐದನೆಯದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದರು.

ಮಳೆ ನಿಂತ ಮೇಲೆ ಇಳಿದು ನೋಡಿದರೆ ಕುರಿಗಳೆಲ್ಲ ತಗ್ಗಿನಲ್ಲಿ ಕ್ಷೇಮವಾಗಿದ್ದವು, ಮರವೂ ಇದ್ದಂತೆಯೇ ಇತ್ತು. ಸಿಡಿಲು ಎಲ್ಲೋ ದೂರದಲ್ಲಿ ಬಿದ್ದಿರಬೇಕು. ಆದರೂ ಹಾಲಮ್ಮ ಕುರಿಗಳನ್ನು ಮನೆ ಕಡೆಗೆ ತಿರುಗಿಸಿ, ಅವುಗಳ ಹಿಂದೆ ನಡೆಯುತ್ತ ಹೋಗಲು ಮಗಳಿಗೆ ಹೇಳಿದರು. "ನೀನು ಹೊಡ್ಕೊಂಡು ಬಾ. ನಾನು ಗಾಡ್ಯಾಗೆ ಬರ್ತೀನಿ. ಇವಳು ಓಡಿಸ್ಲಿ." ರೇಣುಕಾ ಕೆಸರಿನಲ್ಲಿ ನಿಂತು ನಗುತ್ತ ಅಳುತ್ತ, "ಕೀ ತಗೋ ಅಕ್ಕ" ಎಂದು ನನ್ನ ಕೈಗೆ ಕೊಟ್ಟಳು. ಅಲ್ಲಿಯವರೆಗೆ ನಾನು ಅವಳಿಗೆ ಮೇಡಂ ಆಗಿದ್ದೆ. ಕುರಿ ಹಿಂಡಿನ ಹಿಂದೆ ಒಂದನೇ ಗೇರಿನಲ್ಲಿ ಊರು ಸೇರಿದ ಆ ಡ್ರೈವ್‌ನಷ್ಟು ಹೆಮ್ಮೆ ನನಗೆ ಮತ್ತಾವ ಗಾಡಿ ಓಡಿಸುವಾಗಲೂ ಆಗಿಲ್ಲ.

ಬ್ರೆಝಾದ ಮಾತು ಅಲ್ಲಿಗೇ ಮುಗಿಯಿತು. ಮುಂದಿನ ವಾರ ರೇಣುಕಾ ಕಾರಿನ ಹಿಂದಿನ ಗಾಜಿನ ಮೇಲೆ 'ಶ್ವೇತವಾಹನ' ಎಂದು ಬರೆಸಿದಳು. ಕಂಪನಿ ಹಾಕಿದ್ದ ಹೆಸರನ್ನು ತೆಗೆಸಲೇ ಎಂದು ಸ್ಟಿಕರ್ ಅಂಗಡಿಯವರು ಕೇಳಿದಾಗ ಹಾಲಮ್ಮ ಬೇಡ ಎಂದರಂತೆ. "ಅದೂ ಇರ್ಲಿ. ಎರಡೂ ಅದರ ಹೆಸರೇ."

ಈಗ ನಾನು ಆ ಕೆಲಸದಲ್ಲಿಲ್ಲ, ಆದರೂ ಯಾರ್ಡಿಗೆ ಹೊಸದಾಗಿ ಸೇರುವವರಿಗೆ ಆಗೀಗ ಪಾಠ ಹೇಳಲು ಹೋಗುತ್ತೇನೆ. ಪ್ರಕಾಶನೇ ಅಲ್ಲಿ ಈಗ ಮ್ಯಾನೇಜರ್. ಅವನೂ ಹೆಸರಿನ ಅರ್ಥಗಳನ್ನು ಹುಡುಕಿ ತಿಳಿದುಕೊಂಡೇ ಹೇಳುತ್ತಾನೆ. ಗೊತ್ತಿಲ್ಲದಿದ್ದರೆ ನನಗೆ ಫೋನ್ ಮಾಡುತ್ತಾನೆ. ಹುಡುಗರಿಗೆ ನಾನು ಹೇಳುವುದು ಇಷ್ಟೇ. ಗಿರಾಕಿ ನಿಮ್ಮ ಮಾತನ್ನು ನಂಬಲೇಬೇಕಾದ ಗಳಿಗೆ ಒಂದಲ್ಲ ಒಂದು ದಿನ ಬರುತ್ತದೆ, ಬ್ರೇಕಿನ ವಿಷಯಕ್ಕೋ ಟೈರಿನ ವಿಷಯಕ್ಕೋ. ಅಂದು ನಂಬುವಂತೆ ಇವತ್ತೇ ಮಾತಾಡಿರಬೇಕು. ಗಾಡಿ ಮಾರುವುದನ್ನು ಯಾರು ಬೇಕಾದರೂ ಕಲಿಯುತ್ತಾರೆ, ನನ್ನ ಕೆಲಸ ನನಗೆ ಕಲಿಸಿದ್ದು ಇದನ್ನು.

ಹೋದ ವರ್ಷ ಚನ್ನಗಿರಿಯಲ್ಲಿ ರಸ್ತೆ ದಾಟುತ್ತಿದ್ದಾಗ ಒಂದು ಬಿಳಿ ಕಾರು ನನ್ನ ಪಕ್ಕದಲ್ಲೇ ನಿಂತಿತು. ರೇಣುಕಾ ಓಡಿಸುತ್ತಿದ್ದಳು. ಮುಂದಿನ ಸೀಟಿನಲ್ಲಿ ಕರೀ ಕಂಬಳಿಯ ಮೇಲೆ ಹಾಲಮ್ಮ, ಹಿಂದೆ ಅವರ ಊರಿನ ಹೆಂಗಸರು. ಹಾಲಮ್ಮ ಗಾಜು ಇಳಿಸಿ, ನನ್ನ ಕೈ ಹಿಡಿದುಕೊಂಡು, ಹಿಂದೆ ತಿರುಗಿ ಅವರಿಗೆ ಹೇಳಿದರು.

"ನೋಡ್ರೇ, ನಾನು ಹೇಳ್ತಿದ್ನಲ್ಲ. ಇದ್ದಿದ್ದನ್ನ ಇದ್ದಂಗೆ ಹೇಳ್ದೋಳು ಇವಳೇ."